ಮಾರಿಕುಪ್ಪಂ ಯಾರ ಕ್ಯಾಚ್‌ಮೆಂಟು?

ಬರೆಯದೆ ಬಹಳ ದಿನವಾಯಿತು. ಆಫೀಸಿನಲ್ಲಿ ರಿಲೀಸ್ ಇತ್ತು ಅನ್ನೋದು ಅರ್ಧ ನಿಜ, ಇನ್ನರ್ಧ ಸೋಮಾರಿತನ :)

ಮೊನ್ನೆ ನಮ್ಮ ಪ್ರಾಜೆಕ್ಟಿನ ಮೆಲ್ಬರ್ನ್ ಕಡೆಯವನೊಬ್ಬ, ಕಾಲ್‌ಗೆ ಉಳಿದವರು ಬರುವ ತನಕ ತನ್ನೂರಿನ ಫುಟ್‌ಬಾಲ್ ಬಗ್ಗೆ ಗೊಣಗುತ್ತಿದ್ದ. ನಮ್ಮ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲೂ ಹಿಡಿದು ಓಡುವ ಅವರ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. 2023ರ ಡ್ರಾಫ್ಟಿನಲ್ಲಿ ಗೋಲ್ಡ್ ಕೋಸ್ಟ್ ಅನ್ನೋ ಕ್ಲಬ್ಬು ತನ್ನದೇ ಅಕಾಡೆಮಿಯ ನಾಲ್ಕು ಹುಡುಗರನ್ನು ಮೊದಲ ಸುತ್ತಿನಲ್ಲೇ ಎತ್ತಿಕೊಂಡು ಹೋಯಿತಂತೆ. 'ಹೀಗಾದರೆ ಡ್ರಾಫ್ಟ್ ಯಾಕೆ ಬೇಕು?' ಅಂತ ಅವನ ಸಿಟ್ಟು. ಅವನ ಮಾತು ಕೇಳ್ತಾ ಕೇಳ್ತಾ ನನಗೆ ನೆನಪಾದದ್ದು ಮಾತ್ರ 2008, ನಮ್ಮ ಮಾರಿಕುಪ್ಪಂ, ದೊಡ್ಡಪ್ಪನ ಮಗ ನಮ್ಮಣ್ಣ, ಮತ್ತೆ ಒಂದು ಪೇಪರ್ ಕಟಿಂಗ್.

ಮಾರಿಕುಪ್ಪಂ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಬಂಗಾರಪೇಟೆಯಲ್ಲಿ ಕವಲೊಡೆದ ರೈಲು ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಬಂದು ಕೊನೆಗೆ ನಿಲ್ಲುವ ಸ್ಟೇಷನ್ ಅದು. ಅಲ್ಲಿಂದ ಮುಂದೆ ಹಳಿ ಇಲ್ಲ. ಕೆಜಿಎಫ್ ಅಂದರೆ ಈಗ ಎಲ್ಲರಿಗೂ ಸಿನಿಮಾ. ನಮಗೆ ಅದು 2001ರ ಫೆಬ್ರವರಿ 28, ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ದಿನ. ಆಗ ನನಗೆ ನಾಲ್ಕು ವರ್ಷ ತುಂಬಿರಲಿಲ್ಲ. ಗಣಿಯಲ್ಲಿದ್ದ ಅಪ್ಪ ಆಮೇಲೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಿದ್ದರು. ನಮ್ಮ ಬೀದಿಯ ಅರ್ಧ ಗಂಡಸರ ದಿನಚರಿಯೂ ಅದೇ.

ಅಣ್ಣ ಒಳ್ಳೆ ಫಾಸ್ಟ್ ಬೌಲರ್. ಸೈನೈಡ್ ದಿಬ್ಬದ ಕೆಳಗಿನ ಬಯಲಿನಲ್ಲಿ ಟೆನಿಸ್ ಬಾಲ್ ಎಸೆಯುತ್ತಿದ್ದವನು ಹದಿನೇಳರ ಹೊತ್ತಿಗೆ ಬೆಂಗಳೂರಿನ ಒಂದು ಡಿವಿಜನ್ ಕ್ಲಬ್ಬಿನ ನೆಟ್ಸ್‌ಗೆ ಹೋಗಲು ಶುರು ಮಾಡಿದ್ದ. ಅದೇ ಬೆಳಗಿನ ರೈಲಿನಲ್ಲಿ, ಅಪ್ಪನ ಜೊತೆ, ಕಿಟ್ ಬ್ಯಾಗನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು. 2008ರಲ್ಲಿ ಐಪಿಎಲ್ ಬಂತಲ್ಲ, ಆಗ ಅವನು ಒಂದು ಪೇಪರ್ ಕಟಿಂಗ್ ತಂದು ಐದನೇ ಕ್ಲಾಸಿನ ನನ್ನ ಮುಂದೆ ಹಿಡಿದು 'ಕ್ಯಾಚ್‌ಮೆಂಟ್ ಏರಿಯಾ ಅಂದರೆ ಏನೋ?' ಅಂದ. ಇಂಗ್ಲಿಷ್ ಡಿಕ್ಷನರಿ ಇದ್ದದ್ದು ನನ್ನ ಹತ್ತಿರ ಮಾತ್ರ. ಕೆರೆಗೆ ಮಳೆನೀರು ಹರಿದುಬರುವ ಪ್ರದೇಶ ಅಂತ ಇತ್ತು. ಅದನ್ನೇ ಓದಿ ಹೇಳಿದೆ. ಅಣ್ಣನಿಗೆ ಖುಷಿಯೋ ಖುಷಿ. 'ಹಾಗಾದರೆ ನಾವು ಬೆಂಗಳೂರಿನ ಕೆರೆಗೆ ಹರಿಯೋ ನೀರು ಅನ್ನು!'

ಸಂಗತಿ ಏನು ಅಂದರೆ, ಮೊದಲ ವರ್ಷಗಳ ಐಪಿಎಲ್‌ನಲ್ಲಿ ಎಲ್ಲರೂ ಹರಾಜಿಗೆ ಬರುತ್ತಿರಲಿಲ್ಲ. ದೊಡ್ಡ ಹೆಸರಿನವರು ಹರಾಜಿಗೆ. ಊರಿನ ಹೆಮ್ಮೆ ಅನ್ನಿಸಿಕೊಂಡ ಐದು ಜನ ಐಕಾನ್ ಆಟಗಾರರು ತಮ್ಮ ತಮ್ಮ ಊರಿಗೆ (ನಮಗೆ ದ್ರಾವಿಡ್). ದೇಶಕ್ಕೆ ಇನ್ನೂ ಆಡದ ಹುಡುಗರು ನೇರ ಒಪ್ಪಂದದ ಮೇಲೆ. ಇದರ ಜೊತೆಗೆ ಪ್ರತಿ ತಂಡದಲ್ಲೂ ಅದರ ಸುತ್ತಲಿನ ಪ್ರದೇಶದ, ಅಂದರೆ ಕ್ಯಾಚ್‌ಮೆಂಟಿನ, ಇಂತಿಷ್ಟು ಆಟಗಾರರು ಇರಲೇಬೇಕು ಅಂತ ನಿಯಮ. ಆ ಮೊದಲ ವರ್ಷದ ಬೆಂಗಳೂರು ತಂಡದಲ್ಲಿ ದಾವಣಗೆರೆಯ ವಿನಯ್ ಕುಮಾರ್, ಗದಗಿನ ಸುನಿಲ್ ಜೋಶಿ, ಅರುಣ್ ಕುಮಾರ್, ಅಖಿಲ್, ಅಪ್ಪಣ್ಣ ಎಲ್ಲ ಇದ್ದರು. ಆದರೆ ನಮ್ಮ ರಾಬಿನ್ ಉತ್ತಪ್ಪ ಹರಾಜಿನಲ್ಲಿ ಮುಂಬೈ ಪಾಲಾದ. ದೊಡ್ಡವರಿಗೆ ಊರಿನ ಹಂಗಿಲ್ಲ, ಸಣ್ಣವರಿಗೆ ಮಾತ್ರ ಊರು.

ಇನ್ನೂ ಒಂದಿತ್ತು, ಅದು ನಿಜವಾದ ಡ್ರಾಫ್ಟ್. ಅದೇ 2008ರಲ್ಲಿ ಮಲೇಷ್ಯಾದಲ್ಲಿ 19ರೊಳಗಿನವರ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಂಡವು. ಡೆಲ್ಲಿಗೆ ತನ್ನೂರಿನ ಕೊಹ್ಲಿಯನ್ನು ತೆಗೆದುಕೊಳ್ಳುವ ಅವಕಾಶವಿತ್ತು. ಬ್ಯಾಟ್ಸ್‌ಮನ್‌ಗಳು ಸಾಕಷ್ಟಿದ್ದಾರೆ, ಬೌಲರ್ ಬೇಕು ಅಂತ ಅವರು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿದರು. ಕೊಹ್ಲಿ ಬೆಂಗಳೂರಿಗೆ ಬಂದ. ಮುಂದಿನದ್ದು ನಿಮಗೆಲ್ಲ ಗೊತ್ತಿರೋದೇ. ಈ ಕಥೆಯನ್ನು ಡೆಲ್ಲಿಯವರ ಪೆದ್ದುತನ ಅಂತ ನಾವು ಬೆಂಗಳೂರಿನವರು ನಗುತ್ತಾ ಹೇಳ್ತೀವಿ. ನನಗೆ ಕಾಡೋದು ಬೇರೆ. ಕೊಹ್ಲಿಯನ್ನು ಒಂಬತ್ತನೇ ವಯಸ್ಸಿನಿಂದ ತಿದ್ದಿದ್ದು ವೆಸ್ಟ್ ಡೆಲ್ಲಿ ಕ್ರಿಕೆಟ್ ಅಕಾಡೆಮಿಯ ರಾಜ್‌ಕುಮಾರ್ ಶರ್ಮಾ. ಡೆಲ್ಲಿ ತಂಡವೂ ಅಲ್ಲ, ಬೆಂಗಳೂರಂತೂ ಅಲ್ಲವೇ ಅಲ್ಲ. ಆ ಡ್ರಾಫ್ಟಿನ ಲೆಕ್ಕದಲ್ಲಿ ಬೆಳೆಸಿದವರಿಗೆ ಅಂತ ಒಂದು ಕಾಲಮ್ಮೇ ಇರಲಿಲ್ಲ.

ಈಗ ಮೆಲ್ಬರ್ನ್ ಗೆಳೆಯನ ಕಡೆ ಬರೋಣ. ಅವರಲ್ಲಿ ಡ್ರಾಫ್ಟ್ ಶುರುವಾದದ್ದು 1986ರಲ್ಲಿ. ಕೊನೆಯ ಸ್ಥಾನದಲ್ಲಿ ಬಿದ್ದವನಿಗೆ ಮೊದಲ ಆಯ್ಕೆ, ಗೆದ್ದವನಿಗೆ ಕೊನೆಯದು. ಹೀಗಾದರೆ ದುಡ್ಡಿದ್ದವನೇ ಸದಾ ಗೆಲ್ಲೋದು ತಪ್ಪುತ್ತೆ ಅನ್ನೋದು ಲೆಕ್ಕ. ಆದರೆ ಸಿಡ್ನಿ, ಬ್ರಿಸ್ಬೇನ್ ಕಡೆ ಹುಡುಗರೆಲ್ಲ ರಗ್ಬಿ ಆಡುತ್ತಾರೆ. ಈ ಆಟ ಅಲ್ಲಿ ಬೇರು ಬಿಡಬೇಕಾದರೆ ಯಾರಾದರೂ ಮಕ್ಕಳಿಗೆ ಕಲಿಸಬೇಕು. ಕಲಿಸಿದ ಹುಡುಗನನ್ನು ಇನ್ನೊಬ್ಬ ಒಯ್ಯೋದಾದರೆ ಕಲಿಸುವವನಿಗೆ ಏನು ಲಾಭ? ಹಾಗಾಗಿ 2010ರ ಸುಮಾರಿಗೆ ಉತ್ತರದ ಆ ರಾಜ್ಯಗಳ ಕ್ಲಬ್ಬುಗಳಿಗೆ ಅಕಾಡೆಮಿ ನಡೆಸಲು ಬಿಟ್ಟು, ಅಲ್ಲಿ ಬೆಳೆದವರ ಮೇಲೆ ಮೊದಲ ಹಕ್ಕನ್ನೂ ಕೊಟ್ಟರು.

ರಾದ್ಧಾಂತ ಆದದ್ದು 2014ರಲ್ಲಿ. ಆ ವರ್ಷ ಫೈನಲ್ ತನಕ ಹೋಗಿದ್ದ ಸಿಡ್ನಿ, ಐಸಾಕ್ ಹೀನಿ ಅನ್ನೋ ಅಕಾಡೆಮಿ ಹುಡುಗನನ್ನು 18ನೇ ಆಯ್ಕೆಯಲ್ಲಿ ತೆಗೆದುಕೊಂಡಿತು. ಮೊದಲ ಮೂರು ನಾಲ್ಕರೊಳಗೆ ಹೋಗಬೇಕಾದ ಹುಡುಗ ಅಂತ ಉಳಿದವರ ಬೊಬ್ಬೆ. 2015ರಿಂದ ಹೊಸ ಲೆಕ್ಕ ಬಂತು. ಒಂದೊಂದು ಆಯ್ಕೆಗೂ ಅಂಕ, ಮೊದಲನೆಯದಕ್ಕೆ 3000, ಆಮೇಲೆ ಇಳಿಯುತ್ತಾ ಹೋಗುತ್ತೆ. ಬೇರೆ ಕ್ಲಬ್ಬು ನಿಮ್ಮ ಹುಡುಗನನ್ನು ಕೂಗಿದರೆ, ನಿಮ್ಮ ಕೈಲಿರುವ ಹಿಂದಿನ ಆಯ್ಕೆಗಳ ಅಂಕ ಕೂಡಿಸಿ ಆ ಬೆಲೆ ಕಟ್ಟಿ ಅವನನ್ನು ಉಳಿಸಿಕೊಳ್ಳಬಹುದು, ಅದೂ ಶೇಕಡಾ 20 ರಿಯಾಯಿತಿಯಲ್ಲಿ. ಗೋಲ್ಡ್ ಕೋಸ್ಟ್ 2023ರಲ್ಲಿ ಮಾಡಿದ್ದು ಇದನ್ನೇ: ಚಿಲ್ಲರೆ ಕೂಡಿಸಿ ಕೂಡಿಸಿ ದೊಡ್ಡ ನೋಟಿನ ಸಾಮಾನು ಮನೆಗೆ ತಂದರು. 2025ರ ಡ್ರಾಫ್ಟಿಗೆ ರಿಯಾಯಿತಿ ಶೇಕಡಾ 10ಕ್ಕೆ ಇಳಿಯಿತು. (ಇದನ್ನು ಓದುವಾಗ ನನಗೆ ನಮ್ಮ ಬೀದಿಯ ಚೀಟಿ ಹರಾಜೇ ಕಣ್ಣಿಗೆ ಕಟ್ಟಿತು.)

ಗೆಳೆಯನ ಸಿಟ್ಟು ಅರ್ಧ ಸರಿ. ಬೆಲೆ ಕಡಿಮೆ ಇತ್ತು, ಅದನ್ನು ಸರಿಪಡಿಸುತ್ತಿದ್ದಾರೆ. ಆದರೆ ಹಕ್ಕೇ ಅನ್ಯಾಯ ಅನ್ನೋದನ್ನು ನಾನು ಒಪ್ಪಲಾರೆ, ಯಾಕಂದರೆ ಹಕ್ಕಿನ ಹಿಂದೆ ಅಲ್ಲೊಂದು ಕೆಲಸ ಇದೆ. ಮೈದಾನ, ಕೋಚು, ವರ್ಷಗಟ್ಟಲೆ ಖರ್ಚು. ನಮ್ಮ 2008ರ ಕ್ಯಾಚ್‌ಮೆಂಟ್ ನಿಯಮದಲ್ಲಿ ಆ ಕೆಲಸವೇ ಇರಲಿಲ್ಲ. ಇಡೀ ಕರ್ನಾಟಕ ಬೆಂಗಳೂರಿನದು ಅಂತ ಭೂಪಟದ ಮೇಲೆ ಗೆರೆ ಎಳೆದರು, ಅಷ್ಟೇ. ಗೆರೆ ಎಂಥದ್ದು ಅಂತ ನಮ್ಮ ಕಡೆ ಬಂದು ನೋಡಬೇಕು. ಬಂಗಾರಪೇಟೆಯಲ್ಲಿ ಜೋಲಾರಪೇಟೆ ಕಡೆಯ ರೈಲು ಹತ್ತಿದರೆ ಕುಪ್ಪಂ ಬರೋ ಹೊತ್ತಿಗೆ ಆಂಧ್ರ, ಜೋಲಾರಪೇಟೆಗೆ ತಮಿಳುನಾಡು. ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಸ್ಕೂಲಲ್ಲಿ ಕನ್ನಡ. ಒಂದೇ ಥರ ಬೌಲ್ ಮಾಡುವ ಮೂರು ಹುಡುಗರು ರಾಜ್ಯದ ಗಡಿ ನೋಡಿಕೊಂಡು ಬೆಂಗಳೂರು, ಹೈದರಾಬಾದ್, ಚೆನ್ನೈ ಅಂತ ಹಂಚಿಹೋಗಬೇಕು. ಯಾವ ತಂಡದವರೂ ಬಂದು ನಮ್ಮ ಬಯಲಿಗೆ ಒಂದು ಮ್ಯಾಟ್ ಹಾಸಿಕೊಟ್ಟದ್ದನ್ನು ನಾನು ನೋಡಿಲ್ಲ. ಕೋಲಾರ ಕೆರೆಗಳ ಜಿಲ್ಲೆ, ಅಲ್ಲಿ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ: ಕಾಲುವೆ ಹೂಳು ತೆಗೆಯದೆ ಕೆರೆಗೆ ನೀರು ಬರೋಲ್ಲ.

ತಮಾಷೆ ಅಂದರೆ ನಮ್ಮೂರಲ್ಲಿ ಒಂದು ಕಾಲಕ್ಕೆ ಹೂಳು ತೆಗೆಯುವವರು ಇದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿ ಜೊತೆಗೆ ಕ್ಲಬ್ಬು, ಮೈದಾನ ಎಲ್ಲ ಬಂದವು. ಮೊದಲು ದೊರೆಗಳಿಗೆ, ನಿಧಾನಕ್ಕೆ ಕೂಲಿಯವರಿಗೂ. ಮೈನ್‌ಗೊಂದು ತಂಡ ಇತ್ತು, ಹಾಕಿ, ಫುಟ್‌ಬಾಲ್ ಮ್ಯಾಚ್ ಇದ್ದರೆ ಶಿಫ್ಟ್ ಬದಲಿಸಿಕೊಂಡು ಹೋಗುತ್ತಿದ್ದೆವು ಅಂತ ತಾತ ಹೇಳುತ್ತಿದ್ದರು. ಕಂಪನಿಯದ್ದೇನು ಧರ್ಮಕಾರ್ಯವಲ್ಲ, ಪಾತಾಳಕ್ಕೆ ಇಳಿಯುವ ಜನ ಊರು ಬಿಟ್ಟು ಓಡದಿರಲಿ ಅಂತ. ಹಾಗೆ ಬೆಳೆದವರ ಮೇಲೆ ಕಂಪನಿಗೆ ಹಕ್ಕೇನೂ ಇರಲಿಲ್ಲ. ಚೆನ್ನಾಗಿ ಆಡುವವನು ಬೆಂಗಳೂರಿನ ಐಟಿಐ, ಎಚ್‌ಎಎಲ್‌ನಂಥ ಕಡೆ ಕೆಲಸ ಸಿಕ್ಕರೆ ಹೊರಟ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದ, 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಕೆನೆತ್ ಪಾವೆಲ್ ಹುಟ್ಟಿದ್ದು ಕೋಲಾರದಲ್ಲಿ, ಕೆಲಸಕ್ಕಿದ್ದದ್ದು ಬೆಂಗಳೂರಿನ ಐಟಿಐನಲ್ಲಿ. ಹೋದವರ ಮೇಲೆ ಊರಿನಲ್ಲಿ ಯಾರೂ ಸಿಟ್ಟಾಗಲಿಲ್ಲ. ಮೈದಾನ ಹಿಂದೆ ಉಳಿದಿತ್ತಲ್ಲ, ಇನ್ನೊಬ್ಬ ಬರುತ್ತಿದ್ದ. 2001ರ ನಂತರ ಹೋದದ್ದು ಅದು.

ಅಣ್ಣನ ವಿಷಯಕ್ಕೆ ಬರ್ತೀನಿ. ಎರಡು ಸೀಸನ್ ರೈಲಿನಲ್ಲಿ ಓಡಾಡಿದ. ರೈಲು ತಡವಾದ ದಿನ ನೆಟ್ಸ್‌ನಲ್ಲಿ ಬಾಲ್ ಸಿಗುತ್ತಿರಲಿಲ್ಲ, ಬೌಂಡರಿ ಹತ್ತಿರ ನಿಂತು ಚೆಂಡು ಎತ್ತಿಕೊಡೋದು ಅಷ್ಟೇ. ಹಾಸ್ಟೆಲ್ ಇಲ್ಲ, ಬಸ್ ಚಾರ್ಜು ಇಲ್ಲ, ಶೂ ಅವನದೇ. ಅವನು ಬೆಂಗಳೂರು ತಂಡಕ್ಕೆ ಆಡುವಷ್ಟು ದೊಡ್ಡವನಾಗಿದ್ದನಾ? ಬಹುಶಃ ಇಲ್ಲ. ಆದರೆ ಅದನ್ನು ಯಾರೂ ನೋಡಿ ಹೇಳಲಿಲ್ಲ, ಅದೇ ನನ್ನ ತಕರಾರು. ದೊಡ್ಡಪ್ಪನ ಆರೋಗ್ಯ ಕೆಟ್ಟ ವರ್ಷ ಕಿಟ್ ಬ್ಯಾಗ್ ಅಟ್ಟಕ್ಕೆ ಹೋಯಿತು, ಅಣ್ಣ ಅಪ್ಪನ ಜೊತೆ ಸೆಕ್ಯೂರಿಟಿ ಏಜೆನ್ಸಿಗೆ ಸೇರಿದ. ರೈಲು ಮಾತ್ರ ಅದೇ.

ಕ್ಯಾಚ್‌ಮೆಂಟ್ ನಿಯಮ ಆಮೇಲೆ ಸದ್ದಿಲ್ಲದೆ ಹೋಯಿತು. ಅದು ಹೋದದ್ದಕ್ಕೆ ನನಗೆ ಬೇಜಾರಿಲ್ಲ. ದೇಶಕ್ಕೆ ಆಡದ ಹುಡುಗರಿಗೆ 10, 20, 30 ಲಕ್ಷ ಅಂತ ಸಂಬಳ ಕಟ್ಟಿ ಹಾಕಿದ್ದರಿಂದ ಒಳವ್ಯವಹಾರದ ಗುಮಾನಿಯೇ ಜಾಸ್ತಿಯಾಗಿತ್ತು. ಬೇರೆ ತಂಡದ ಜೊತೆ ಮಾತುಕತೆ ಮಾಡಿದ ಅಂತ 2010ರಲ್ಲಿ ಜಡೇಜಾನಿಗೆ ಇಡೀ ಸೀಸನ್ ನಿಷೇಧ, 2011ರಲ್ಲಿ ನಮ್ಮ ಮನೀಶ್ ಪಾಂಡೆಗೆ ನಾಲ್ಕು ಪಂದ್ಯ. ಶಿಕ್ಷೆ ಹುಡುಗರಿಗೇ, ಗಮನಿಸಿ. 2014ರಿಂದ ಅವರೂ ಹರಾಜಿಗೆ ಬಂದರು, ಕೆಲವರಿಗೆ ಕೋಟಿ ಸಿಕ್ಕಿತು. ಆಟಗಾರನಿಗೆ ನ್ಯಾಯ ಸಿಕ್ಕಿತು ಅಂತ ಧಾರಾಳವಾಗಿ ಹೇಳಬಹುದು. ಬೆಳೆಸಿದ ಊರಿಗೆ ಮಾತ್ರ ಆ ಲೆಕ್ಕದಲ್ಲೂ ಕಾಲಮ್ ಇಲ್ಲ.

ಫುಟ್‌ಬಾಲಿನವರು ಈ ವಿಷಯದಲ್ಲಿ ಸ್ವಲ್ಪ ವಾಸಿ. 2017ರಲ್ಲಿ ಬೆಂಗಳೂರು ಎಫ್‌ಸಿ ಐಎಸ್‌ಎಲ್‌ಗೆ ಸೇರಿದಾಗ ಅಲ್ಲೂ ಡ್ರಾಫ್ಟ್ ಇತ್ತು. ಅಷ್ಟು ವರ್ಷ ಜೊತೆಗಿದ್ದ ಯುಜೆನ್ಸನ್ ಲಿಂಗ್ಡೊ 1.10 ಕೋಟಿಗೆ ಕೋಲ್ಕತ್ತಾಗೆ ಹೋದ. ಆದರೆ 21ರೊಳಗಿನ ಮೂವರನ್ನು ಬೇರೆಯಾಗಿ ಉಳಿಸಿಕೊಳ್ಳುವ ಅವಕಾಶ ಕ್ಲಬ್ಬುಗಳಿಗಿತ್ತು. ಫಿಫಾದಲ್ಲಂತೂ ಆಟಗಾರ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದಕ್ಕೆ ದುಡ್ಡಿಗೆ ಹೋದರೆ, ಆ ದುಡ್ಡಿನ ಶೇಕಡಾ 5 ಭಾಗ ಅವನು 12ರಿಂದ 23ನೇ ವಯಸ್ಸಿನ ತನಕ ಆಡಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. 12ರಿಂದ 15ರ ತನಕ ವರ್ಷಕ್ಕೆ ಕಾಲು ಪರ್ಸೆಂಟ್, ಆಮೇಲೆ ಅರ್ಧ. ಹುಡುಗನನ್ನು ಕಟ್ಟಿಹಾಕುವುದಿಲ್ಲ, ಹೋಗಲು ಬಿಡುತ್ತಾರೆ, ಆದರೆ ಮೈದಾನಕ್ಕೆ ಅದರ ಕೂಲಿ ಬರುತ್ತೆ. ಹರಾಜಿನಲ್ಲಿ ಹತ್ತು ಕೋಟಿ ಕೂಗುವವರು ಕಾಲು ಪರ್ಸೆಂಟ್ ಇಟ್ಟರೂ ಎರಡೂವರೆ ಲಕ್ಷ. ಮ್ಯಾಟ್ ಬಂತು, ನೆಟ್ ಬಂತು, ಒಬ್ಬ ಕೋಚಿನ ಕೆಲವು ತಿಂಗಳ ಸಂಬಳವೂ ಬಂತು. ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿ, ಇಂಜಿನಿಯರಿಂಗ್ ಮ್ಯಾಥ್ಸ್ ಎರಡನೇ ಸಲಕ್ಕೆ ಪಾಸಾದವನು ನಾನು :)

ಹೋದ ಭಾನುವಾರ ಊರಿಗೆ ಹೋದಾಗ ಅಣ್ಣನಿಗೆ ಆಸ್ಟ್ರೇಲಿಯಾದ ಕಥೆಯೆಲ್ಲ ಹೇಳಿದೆ. ಪೂರ್ತಿ ಕೇಳಿ, 'ರಿಯಾಯಿತಿ ಇಪ್ಪತ್ತೋ ಹತ್ತೋ, ಅವರ ಹುಡುಗರಿಗೆ ಬಸ್ ಚಾರ್ಜ್ ಕೊಡ್ತಾರಾ?' ಅಂದ. ವಿಚಾರಿಸಿ ಹೇಳ್ತೀನಿ ಅಂದಿದ್ದೇನೆ. ದಾವಣಗೆರೆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ವಿನಯ್ ಕುಮಾರ್ ಚಿಕ್ಕವನಿದ್ದಾಗ ಅಲ್ಲಿ ಬೌಲಿಂಗ್ ಕಲಿಸಿದವರು ಯಾರು, ಆ ಮೈದಾನ ಈಗ ಹೇಗಿದೆ, ನನಗೊಂದು ಮೇಲ್ ಹಾಕಿ.