ತೇರುಬೀದಿಯಲ್ಲಿ ಮನೆಗಳೂ ಇದ್ದವು

ಹಂಪಿಗೆ ಹೋದವರಿಗೆಲ್ಲ ವಿರೂಪಾಕ್ಷನ ಗುಡಿಯ ಮುಂದಿನ ತೇರುಬೀದಿ ಗೊತ್ತು. ಗೋಪುರದಿಂದ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್, ಎರಡೂ ಕಡೆ ಕಲ್ಲಿನ ಸಾಲುಮಂಟಪ. ಈಗ ಹೆಚ್ಚುಕಡಿಮೆ ಖಾಲಿ. ಫೋಟೋಗೆ ಚೆನ್ನಾಗಿ ಬರುತ್ತೆ, ನಿಜ. ಆದರೆ ಖಾಲಿ ಇರಲಿ ಅಂತ ಯಾರೂ ಈ ಬೀದಿಯನ್ನು ಕಟ್ಟಿರಲಿಲ್ಲ.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಒಂದು ಗುಡಿಬೀದಿಯನ್ನು ವರ್ಣಿಸಿದ್ದಾನೆ. ಇತಿಹಾಸಕಾರರು ಅದನ್ನು ಇದೇ ಬೀದಿ ಅಂತ ಗುರುತಿಸುತ್ತಾರೆ. ಚೆಂದದ ಮನೆಗಳು, ಯಾತ್ರಿಕರು ತಂಗಲು ಮೊಗಸಾಲೆ, ದೊಡ್ಡವರು ಇಳಿದುಕೊಳ್ಳಲು ಬೇರೆ ಮನೆಗಳು, ರಾಜನದ್ದೂ ಒಂದು ಅರಮನೆ. ಅಂದರೆ ಬಂದವರೂ ಇದ್ದವರೂ ಒಂದೇ ಬೀದಿಯಲ್ಲಿ. ಪರಊರಿನವರಿಗೆ ಊಟ, ಜಾಗ ಕೊಟ್ಟು ಬದುಕುವುದು ಹಂಪಿಗೆ ಹೊಸದೇನಲ್ಲ. ಟೂರಿಸಂ ಬಂದು ಹಳ್ಳಿ ಕೆಟ್ಟಿತು ಅಂತ ಯಾರಾದರೂ ಹೇಳಿದಾಗೆಲ್ಲ ನನಗೆ ಪಾಯೆಸ್ ನೆನಪಾಗ್ತಾನೆ.

ಮುಂದೆ ರಾಜಧಾನಿ ಹಾಳಾಯಿತು, ಗುಡಿ ಉಳಿಯಿತು, ಗುಡಿಯ ಸುತ್ತ ಜನ ಬಂದರು. ಮಂಟಪಗಳಿಗೆ ಗೋಡೆ ಎದ್ದವು, ಅಂಗಡಿ, ಹೋಟೆಲು, ರೂಮು ಆದವು. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಇದೇ ವಾಸ ಒತ್ತುವರಿ ಅನ್ನಿಸಿಕೊಂಡಿತು. 2011ರ ಜುಲೈನಲ್ಲಿ ಬುಲ್ಡೋಜರ್ ಬಂತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಟ್ಟವು. ಅವರಿಗೆ ತೋರಿಸಿದ್ದು ಕಡ್ಡಿರಾಂಪುರದ ಹತ್ತಿರದ ನೆಲ. ಕಂಬಗಳಿಗೆ ಸಿಮೆಂಟು ಮೆತ್ತಿದ್ದು ಸುಳ್ಳಲ್ಲ, ಅದನ್ನು ತೆಗೆಯಲೇಬೇಕಿತ್ತು. ಆದರೆ ಸಿಮೆಂಟಿನ ಜೊತೆ ಊರೂ ಹೋಯಿತು. 2020ರ ಮಾರ್ಚ್‌ನಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ನೆಲಸಮವಾದವು.

ಬಸ್ಸುಗಳು ಮಾತ್ರ ಕಡಿಮೆಯಾಗಲಿಲ್ಲ.

ಯಾವ ಗೋಡೆ ನಿಲ್ಲಬೇಕು ಅಂತ ಕೋರ್ಟು ಹೇಳಬಹುದು, ಪ್ರಾಧಿಕಾರ ಹೇಳಬಹುದು. ಯಾರು ಎಷ್ಟು ಹೊತ್ತಿಗೆ ಬರ್ತಾರೆ, ಎಲ್ಲಿ ಮಲಗ್ತಾರೆ, ಯಾರ ಕೈಯೂಟ ಉಣ್ತಾರೆ ಅನ್ನೋದನ್ನ ನಿರ್ಧರಿಸೋದು ಪ್ಯಾಕೇಜ್ ಬರೆಯುವವನು. ಈ ಕಸುಬು ಹುಟ್ಟಿದ್ದೇ ಹಾಗೆ. 1841ರಲ್ಲಿ ಥಾಮಸ್ ಕುಕ್ ಲೆಸ್ಟರ್‌ನಿಂದ ಲಫ್‌ಬರೊಗೆ ಸುಮಾರು ಐನೂರು ಜನರನ್ನು ಒಂದು ಶಿಲ್ಲಿಂಗಿಗೆ ರೈಲಿನಲ್ಲಿ ಕರೆದೊಯ್ದ. ಒಟ್ಟಿಗೆ ಹೋದರೆ ಅಗ್ಗ, ಅಷ್ಟೇ ಉಪಾಯ. ಆದರೆ ಒಟ್ಟಿಗೆ ಹೋದವರು ಒಟ್ಟಿಗೇ ಇಳೀತಾರೆ. ನಮ್ಮ ಬೆಂಗಳೂರಿನ ವೀಕೆಂಡ್ ಪ್ಯಾಕೇಜ್ ನೋಡಿ: ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಬೆಳಕು ಹರಿಯೋ ಮುಂಚೆ ಮಾತಂಗ ಬೆಟ್ಟ, ಸೂರ್ಯೋದಯ. ಆ ಹೊತ್ತಲ್ಲಿ ನಲವತ್ತು ಜನಕ್ಕೆ ಮೊದಲು ಬೇಕಾಗೋದು ಸೂರ್ಯ ಅಲ್ಲ, ಶೌಚಾಲಯ. ಅದನ್ನು ಯಾವ ಐಟಿನರರಿಯೂ ಬರೆಯಲ್ಲ. ಬೆಟ್ಟದ ಬುಡದಲ್ಲಿ ಇರೋರು ಅನುಭವಿಸ್ತಾರೆ. ಆಮೇಲೆ ಹೊಳೆದಂಡೆ, ಅಲ್ಲಿ ಸ್ನಾನ ಮಾಡ್ತಾ, ಬಟ್ಟೆ ಒಗೀತಾ ಇರುವ ಹೆಂಗಸರ ಮುಂದೆ ಕ್ಯಾಮೆರಾ.

ಹೊಳೆಯಾಚೆಯ ಆನೆಗೊಂದಿ ಇನ್ನೊಂದು ಕತೆ. ಹರಿಗೋಲು ನಮಗೆ ರೀಲ್ಸ್. ಪಾಯೆಸ್ ಕೂಡ ಆ ಬುಟ್ಟಿದೋಣಿಗಳ ಬಗ್ಗೆ ಬರೆದಿದ್ದಾನೆ. ಅಲ್ಲಿಯವರಿಗೆ ಅದು ಆಸ್ಪತ್ರೆಯ ದಾರಿಯಾಗಿತ್ತು. ಸೇತುವೆ ಕಟ್ಟಲು ಹೊರಟಾಗ ಪರಂಪರೆಗೆ ಧಕ್ಕೆ ಅಂತಾಯಿತು, 1999ರಲ್ಲಿ ಹಂಪಿ ಅಪಾಯದಂಚಿನ ಪಟ್ಟಿಗೆ ಹೋಯಿತು, 2006ರವರೆಗೆ ಅಲ್ಲೇ ಇತ್ತು. ಕೊನೆಗೆ 2009ರ ಜನವರಿಯಲ್ಲಿ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕೆಲಸಗಾರರು ಸತ್ತರು. ನೋಟ ನಮ್ಮದು, ದಾಟುವ ಕಷ್ಟ ಅವರದಾಗಿತ್ತು.

ಅದೇ ಆನೆಗೊಂದಿಯಲ್ಲಿ 1997ರಿಂದ ಕಿಷ್ಕಿಂದ ಟ್ರಸ್ಟ್ ಇದೆ. ಬಾಳೆನಾರಿನಿಂದ ಚೀಲ, ಚಾಪೆ ಮಾಡೋದನ್ನು ಊರಿನ ಹೆಂಗಸರಿಗೆ ಕಲಿಸಿತು, ಹಳೇ ಮನೆಗಳನ್ನು ರಿಪೇರಿ ಮಾಡಿ ಅತಿಥಿಗಳಿಗೆ ಬಿಟ್ಟಿತು. ದೊಡ್ಡ ಕ್ರಾಂತಿಯೇನಲ್ಲ ಬಿಡಿ. ಆದರೆ ಪಾಯೆಸ್ ಕಂಡ ಬೀದಿಗೆ ಹತ್ತಿರವಾದದ್ದು ಇದೇ: ಮನೆ ಊರಿನದ್ದು, ಅತಿಥಿ ಹೊರಗಿನವನು, ದುಡ್ಡು ಅಲ್ಲೇ ಉಳಿಯುತ್ತೆ.

ಆಪರೇಟರುಗಳು ಮಾಡಬಹುದಾದ್ದು ಇಲ್ಲಿಂದ ಶುರುವಾಗುತ್ತೆ. ನಲವತ್ತರ ಬದಲು ಹನ್ನೆರಡು ಜನ. ದೊಡ್ಡ ಬಸ್ಸು ಹೊಸಪೇಟೆಯಲ್ಲೋ ಕಮಲಾಪುರದಲ್ಲೋ ನಿಲ್ಲಲಿ, ಅಲ್ಲಿಂದ ಊರಿನ ಆಟೋ. ಬೆಂಗಳೂರಿಂದ ಕರೆತಂದ ಟ್ರಿಪ್ ಲೀಡರ್ ಜೊತೆಗೆ ಅಲ್ಲಿನ ಲೈಸೆನ್ಸ್ ಇರುವ ಗೈಡ್, ಅವರಿಗೆ ಪೂರ್ತಿ ದಿನದ ಕೂಲಿ. ಶನಿವಾರ ಬಿಟ್ಟು ಮಂಗಳವಾರ. ವರ್ಕ್ ಫ್ರಮ್ ಹೋಮ್ ಇರೋರಿಗೆ ಏನು ಕಷ್ಟ? ರೇಟು ಸ್ವಲ್ಪ ಏರುತ್ತೆ, ಅದಕ್ಕೇ ಯಾರೂ ಮೊದಲು ಮಾಡಲ್ಲ. ನಾವು ಗಿರಾಕಿಗಳು ಹುಡುಕೋದು ಕಡಿಮೆ ರೇಟನ್ನೇ ಅಲ್ವಾ, ಅವರನ್ನಷ್ಟೇ ಬೈದು ಏನು ಪ್ರಯೋಜನ.

ಮುಂದಿನ ಟೀಮ್ ಔಟಿಂಗ್‌ಗೆ ಕೊಟೇಶನ್ ತರಿಸುವವರು ನೀವೇ ಆಗಿದ್ದರೆ, ಎರಡು ಸಾಲು ಹೆಚ್ಚು ಕೇಳಿ: ರಾತ್ರಿ ಯಾರ ಮನೆಯಲ್ಲಿ ಉಳಿಯೋದು, ಬೆಳಗ್ಗೆ ಐದಕ್ಕೆ ಬಸ್ಸು ಎಲ್ಲಿ ನಿಲ್ಲೋದು.