ಡಮಾಮಿಗೊಂದು ಅಂಗಳ

ನಾನು ಅಹಮದಾಬಾದಿಗೆ ಬಂದಿಳಿದದ್ದು 1998ರ ಮಳೆಗಾಲದಲ್ಲಿ. ಮೊದಲ ವಾರ, ಕಾಲುಪುರ ಸ್ಟೇಷನ್ನಿನ ಹೊರಗೆ ರಿಕ್ಷಾ ಹುಡುಕುತ್ತ ನಿಂತಿದ್ದೆ. ಒಂದು ರಿಕ್ಷಾ ಬಂದು ನಿಂತಿತು. ಒಳಗಿದ್ದವನ ಗುಂಗುರು ಕೂದಲು, ಮುಖ, ನಗು ನೋಡಿದ್ದೇ ನನಗೆ ಊರು ಸಿಕ್ಕಿದ ಹಾಗಾಯಿತು. ಹಿಂದೆಮುಂದೆ ನೋಡದೆ ಕನ್ನಡದಲ್ಲೇ ಕೇಳಿಬಿಟ್ಟೆ: "ಯಲ್ಲಾಪುರದವನೇನೋ ಮಾರಾಯಾ? ಮಂಚಿಕೇರಿ ಕಡೆಯವನಾ?"

ಅವನು ಕತ್ತು ಓರೆ ಮಾಡಿ, "ಶೂಂ ಕಹ್ಯುಂ, ಭಾಈ?" ಅಂದ. ಏನಂದಿರಿ ಅಣ್ಣಾ, ಅಂತ.

ನನಗೆ ನಾಚಿಕೆಯಾಯಿತು. ಅವನಿಗೆ ಮಾತ್ರ ವಿಷಯ ತಿಳಿದು ಖುಷಿಯೋ ಖುಷಿ. ಕರ್ನಾಟಕದಲ್ಲೂ ನಮ್ಮವರಿದ್ದಾರಾ, ಏನು ಮಾಡ್ತಾರೆ, ನಮಾಜು ಮಾಡ್ತಾರಾ, ಗೋಮಾ ಕುಣೀತಾರಾ ಅಂತ ದಾರಿಯುದ್ದಕ್ಕೂ ಕೇಳಿದ. ನಾನು ಹೇಳಿದೆ: ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ಇದ್ದಾರೆ. ಕುಣಿತಕ್ಕೆ ಡಮಾಮಿ ಅಂತಾರೆ. "ಎಲ್ಲಿ ಕುಣೀತಾರೆ?" ಅಂತ ಅವನು ಕೇಳಿದಾಗ, "ನಮ್ಮ ಅಂಗಳದಲ್ಲಿ" ಅಂದೆ. ಆಗ ಅದು ನನಗೆ ಹೆಮ್ಮೆಯ ಮಾತಾಗಿ ಕಂಡಿತ್ತು.

ನಮ್ಮದು ಅಡಿಕೆ ತೋಟದ ಮನೆ. ಸಿದ್ದಿಗಳು ತೋಟದ ಕೆಲಸಕ್ಕೆ ಬರುತ್ತಿದ್ದರು. ಹಬ್ಬದ ರಾತ್ರಿ ಡಮಾಮು ಹೊತ್ತು ಅಂಗಳಕ್ಕೆ ಬರುವುದಕ್ಕೆ ಮೊದಲು ಅವರಲ್ಲೊಬ್ಬ ಹಿರಿಯ ಬಂದು ಜಗಲಿಯ ಕೆಳಗೆ ನಿಂತು ಅಪ್ಪನನ್ನು ಕೇಳಬೇಕು. "ಬರಲಾ ಒಡೆಯಾ?" "ಬನ್ನಿ." ಇಷ್ಟೇ ಮಾತು. ಒಂದು ವರ್ಷ ಮನೆಯಲ್ಲಿ ಸೂತಕ. ಅಪ್ಪ, "ಈ ಸಲ ಬೇಡ" ಅಂದರು. ಆ ವರ್ಷ ಅವರು ಎಲ್ಲಿ ಬಾರಿಸಿದರು, ಬಾರಿಸಿದರೋ ಇಲ್ಲವೋ, ನಾನು ಕೇಳಲೇ ಇಲ್ಲ.

ಗುಜರಾತಿನಲ್ಲಿ ಇವರನ್ನು ಸಿದಿ ಅನ್ನುತ್ತಾರೆ. ಹಳೆಯ ಬರಹಗಳಲ್ಲಿ ಹಬ್ಶಿ. ನಮ್ಮ ಕಡೆಯ ಸಿದ್ದಿಗಳ ಹಿರಿಯರು ಹೆಚ್ಚಾಗಿ ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಇಲ್ಲಿಗೆ ಬಂದವರ ಕತೆ ಬೇರೆ. ಆಫ್ರಿಕಾದ ಪೂರ್ವ ಕರಾವಳಿಯಿಂದ, ಇಥಿಯೋಪಿಯಾದಿಂದ ಗುಲಾಮರಾಗಿ, ಸೈನಿಕರಾಗಿ, ನಾವಿಕರಾಗಿ ಶತಮಾನಗಳ ಕಾಲ ಬಂದರು. ಕೆಲವರು ಸುಲ್ತಾನರ ಆಸ್ಥಾನದಲ್ಲಿ ದೊಡ್ಡ ಅಮೀರರಾದರು. ಹೆಚ್ಚಿನವರು ಯಾರದೋ ಮನೆಯ ಆಳಾಗಿಯೇ ಉಳಿದರು.

ಅಮೀರರು ಕಟ್ಟಿದ್ದನ್ನು ಅಹಮದಾಬಾದಿಗೆ ಬಂದ ಯಾರೂ ನೋಡದೆ ಇರಲಾರರು. ಲಾಲ್ ದರ್ವಾಜದ ಹತ್ತಿರ ಸಿದಿ ಸಯ್ಯದ್ ಮಸೀದಿ ಇದೆ. ಕಟ್ಟಿದ್ದು 1572-73ರಲ್ಲಿ, ಅಂದರೆ ಅಕ್ಬರನ ಸೇನೆ ಗುಜರಾತನ್ನು ಗೆದ್ದ ಹೊತ್ತಿನಲ್ಲೇ. ಅದರ ಕಲ್ಲಿನ ಜಾಲಂದ್ರದಲ್ಲಿ ಒಂದು ಮರ ಕೊಂಬೆ ಹಬ್ಬಿಸಿ ನಿಂತಿದೆ. ಹಳೇಬೀಡು ನೋಡಿ ಬೆಳೆದ ಕಣ್ಣಿಗೂ ಅದು ಬೆರಗೇ. ಐಐಎಂ ತನ್ನ ಲಾಂಛನವನ್ನು ಅದರಿಂದಲೇ ತೆಗೆದುಕೊಂಡಿತು. ಬ್ರಿಟಿಷರು ಅದರೊಳಗೆ ಸರ್ಕಾರಿ ಕಚೇರಿ ನಡೆಸಿದ್ದರು. 2017ರಲ್ಲಿ ಜಪಾನಿನ ಪ್ರಧಾನಿಯನ್ನು ಕರೆತಂದು ಅದನ್ನು ತೋರಿಸಿದರು. ಕಾಲುಪುರ ಸ್ಟೇಷನ್ನಿನ ಪಕ್ಕದಲ್ಲಿ ಸಿದಿ ಬಶೀರನ ಹೆಸರಿನ ಅಲುಗಾಡುವ ಮಿನಾರುಗಳಿವೆ. ಮಸೀದಿ ಹಾಳಾಗಿ ಹೋಗಿ ಎರಡು ಮಿನಾರು, ನಡುವಿನ ಕಮಾನು ಮಾತ್ರ ಉಳಿದಿವೆ. ಎರಡೂ ಈಗ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. ಎರಡೂ ಕಡೆ ನಾನು ಹತ್ತಾರು ಸಲ ಹೋಗಿದ್ದೇನೆ, ಅಲ್ಲಿ ಸಿದಿಗಳ ನಗಾರಿ ಮಾತ್ರ ಒಂದು ದಿನವೂ ಕೇಳಲಿಲ್ಲ.

ನಗಾರಿ ಕೇಳಿದ್ದು ಬೇರೆ ಕಡೆ, ಅದೂ ನಮ್ಮ ಕನ್ನಡದವರ ಒಂದು ಜಗಳದ ದೆಸೆಯಿಂದ.

ನಾವೊಂದಿಷ್ಟು ಕನ್ನಡದ ಮನೆಗಳು ಸೇರಿ ಬಳಗ ಮಾಡಿಕೊಂಡಿದ್ದೆವು. ಬಾಡಿಗೆಗೆ ಒಂದು ಶಾಲೆಯ ಹಾಲು ಹಿಡಿದು ರಾಜ್ಯೋತ್ಸವ ಮಾಡುತ್ತಿದ್ದೆವು. ಒಂದು ವರ್ಷ ಎರಡು ದಿನ ಇರುವಾಗ ಶಾಲೆಯವರು ಆಗುವುದಿಲ್ಲ ಅಂದರು. ಮಕ್ಕಳು ಕಲಿತ ನಾಟಕ ಯಾರದೋ ಫ್ಲಾಟಿನ ಪಾರ್ಕಿಂಗಿನಲ್ಲಿ ಆಯಿತು. ಆವತ್ತೇ ರಾತ್ರಿ ಎಲ್ಲರಿಗೂ ಹೊಳೆಯಿತು: ನಮ್ಮದೇ ಜಾಗ ಬೇಕು.

ಸಭೆ ಸೇರಿತು. ಗದಗ ಕಡೆಯ ಹಿರಿಯರೊಬ್ಬರು ಎದ್ದು, "ಸಹಕಾರಿ ಸಂಘ ಮಾಡ್ರಿ. 1905ರಾಗ ಕಣಗಿನಹಾಳದಾಗ ದೇಶದ ಮೊದಲನೇ ಪತ್ತಿನ ಸೊಸೈಟಿ ಮಾಡಿದವ್ರು ನಾವು. ಅಮುಲ್‌ದವ್ರು ಹುಟ್ಟಿದ್ದು 1946ರಾಗ!" ಅಂದರು. ಚಪ್ಪಾಳೆ ಬಿತ್ತು. ನಮ್ಮಲ್ಲೊಬ್ಬ ವಕೀಲರಿದ್ದರು. ಅವರು ಬಿಡಿಸಿ ಹೇಳಿದರು: ಟ್ರಸ್ಟ್ ಆದರೆ ಜಾಗ ನಾಲ್ಕೈದು ಟ್ರಸ್ಟಿಗಳ ಕೈಲಿ. ಸಹಕಾರಿ ಆದರೆ ಷೇರು ತೆಗೆದುಕೊಂಡವರೆಲ್ಲ ಒಡೆಯರು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಆದರೆ ಸದಸ್ಯ ಯಾರು ಅನ್ನುವುದನ್ನು ಉಪವಿಧಿಯಲ್ಲಿ ಬರೆಯಬೇಕು.

ಅಲ್ಲಿಗೆ ಸಿಕ್ಕಿಕೊಂಡೆವು. ಅಹಮದಾಬಾದು ಹೌಸಿಂಗ್ ಸೊಸೈಟಿಗಳ ಊರು. ಸಹಕಾರದ ಹೆಸರಿನಲ್ಲೇ ಜಾತಿ, ಧರ್ಮ ನೋಡಿ ಬಾಗಿಲು ತೆಗೆಯುವ ಸೊಸೈಟಿಗಳೂ ಇಲ್ಲಿವೆ. ಇಲ್ಲಿಯ ಒಂದು ಪಾರ್ಸಿ ಸೊಸೈಟಿಯ ಮೊಕದ್ದಮೆಯಲ್ಲಿ, ತಮ್ಮವರಿಗೆ ಮಾತ್ರ ಸದಸ್ಯತ್ವ ಎಂಬ ಉಪವಿಧಿ ಇಟ್ಟುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟು 2005ರಲ್ಲಿ ಹೇಳಿತ್ತು. ಅದೇ ಧೈರ್ಯದ ಮೇಲೆ ಒಬ್ಬರು, "ಮಾತೃಭಾಷೆ ಕನ್ನಡ ಅಂತ ಬರೆಯಿರಿ" ಅಂದರು. ತುಳು ಮನೆಯವರು ಎದ್ದು ನಿಂತರು. ಕೊಂಕಣಿಯವರು ಚಹಾ ಕುಡಿಯದೆ ಹೊರಟರು. ನನಗೆ ನಮ್ಮೂರ ಸಿದ್ದಿಗಳ ನೆನಪಾಯಿತು. ಮನೆಯಲ್ಲಿ ಅವರಾಡುವುದು ಕೊಂಕಣಿ ಬೆರೆತ ಮಾತು. ಈ ಉಪವಿಧಿಯ ಪ್ರಕಾರ ಅವರು ಕನ್ನಡದವರಲ್ಲ!

ಈ ಗೋಳನ್ನೆಲ್ಲ ನಾನು ಹೇಳಿಕೊಂಡದ್ದು ಆ ರಿಕ್ಷಾದವನ ಹತ್ತಿರ. ಅಷ್ಟರಲ್ಲಿ ಅವನು ನಮ್ಮ ಮನೆಯ ಕಾಯಂ ರಿಕ್ಷಾ ಆಗಿದ್ದ. "ಒಂದು ಗುರುವಾರ ಬನ್ನಿ" ಅಂದ.

ಹಳೇ ಊರಿನ ಪತ್ಥರ್ ಕುವಾದಲ್ಲಿ ಸಿದಿಗಳ ಮನೆಗಳಿವೆ. ಗಲ್ಲಿಯೊಳಗೆ ಗಲ್ಲಿ ಹೊಕ್ಕು ಹೋದರೆ ಒಂದು ಸಣ್ಣ ಜಾಗ. ಹಸಿರು ಚಾದರ, ಲೋಬಾನದ ಹೊಗೆ. ಅದಕ್ಕೆ ಚಿಲ್ಲಾ ಅನ್ನುತ್ತಾರೆ. ಸಂತನ ಗೋರಿಯಲ್ಲ, ಅವನ ನೆನಪಿನ ಸ್ಥಾನ. ಮೂಲ ಗೋರಿ ಇರುವುದು ಭರೂಚ ಜಿಲ್ಲೆಯ ರತನ್‌ಪುರದ ಗುಡ್ಡದ ಮೇಲೆ, ಬಾವಾ ಗೋರ್ ಅಂತ. ಅಲ್ಲಿಂದ ಹೊರಟ ಸಿದಿಗಳು ಹೋದ ಹೋದ ಊರಲ್ಲಿ ಚಿಲ್ಲಾ ಮಾಡಿಕೊಂಡರು. ನಮ್ಮವರು ಘಟ್ಟ ಇಳಿದು ಹೋದಲ್ಲಿ ಭೂತದ ಕಲ್ಲು ಹಾಕಿಕೊಂಡ ಹಾಗೆ.

ಆ ರಾತ್ರಿ ಗೋಮಾ ಆಯಿತು. ಸ್ವಾಹಿಲಿಯಲ್ಲಿ ಎನ್‌ಗೋಮಾ ಅಂದರೆ ನಗಾರಿ, ಕುಣಿತವೂ ಹೌದು. ಕಾಲುಗಳ ಮೇಲೆ ನಿಲ್ಲುವ ಮುಗರ್‌ಮಾನ್ ಎಂಬ ನಗಾರಿ, ಕೊರಳಿಗೆ ಹಾಕಿಕೊಂಡು ಬಾರಿಸುವ ಸಣ್ಣ ನಗಾರಿ, ತೆಂಗಿನ ಚಿಪ್ಪಿನ ಗಿಲಕಿ. ಗಿಲಕಿಯ ಹೆಸರು ಮಾಈ ಮಿಸ್ರಾ, ಬಾವಾ ಗೋರನ ತಂಗಿಯದು. ಬಿಲ್ಲಿಗೆ ಸೋರೆಬುರುಡೆ ಕಟ್ಟಿ ಹೊಟ್ಟೆಗೆ ಆನಿಸಿ ನುಡಿಸುವ ಮಲುಂಗಾವನ್ನು ಒಬ್ಬ ಮುದುಕರು ಹಿಡಿದಿದ್ದರು. ಬ್ರೆಜಿಲಿನಲ್ಲಿ ಇದರ ಅಣ್ಣತಮ್ಮ ಇದೆ, ಬೆರಿಂಬೌ ಅಂತ. ಹಾಡಿನ ನಡುವೆ ಬರುವ ಕೆಲವು ಶಬ್ದಗಳ ಅರ್ಥ ಹಾಡುವವರಿಗೇ ಗೊತ್ತಿರಲಿಲ್ಲ. ಕೇಳಿದರೆ, "ಹಿರಿಯರದು" ಅಂದರು. ನೋಡಲು ಬಂದವರು ಕೊಟ್ಟ ನೋಟನ್ನು ಕುಣಿಯುವವನು ಬಾಯಲ್ಲಿ ಕಚ್ಚಿ ತಂದು ನಡುವೆ ಹಾಕುತ್ತಿದ್ದ. ಕೊನೆಗೆ ಎಣಿಸಿ ಪಾಲು ಮಾಡಿದರು. ಚಿಲ್ಲಾದ ದೀಪಕ್ಕೂ ಒಂದು ಪಾಲು.

ಮಲುಂಗಾ ಹಿಡಿದ ಮುದುಕರನ್ನು ಕೇಳಿದೆ: "ಚಾಚಾ, ಈ ಜಾಗ ಯಾರ ಹೆಸರಲ್ಲಿದೆ?"

"ಬಾವಾನದು."

"ಕಾಗದದಲ್ಲಿ?"

"ಜಮಾತಿನದು. ನಾವು ಕಸ ಗುಡಿಸೋರು."

"ಮಾರಬೇಕು ಅಂತ ಯಾರಾದರೂ ಅಂದರೆ?"

ಅವರು ನಕ್ಕರು. "ಬಾವಾನ ಸಹಿ ಹಾಕಿಸಿಕೊಂಡು ಬಾ ಅಂತೀವಿ."

ನಮ್ಮಲ್ಲಿ ದೇವರ ಹೆಸರಿಗೆ ಪಹಣಿ ಇರುತ್ತದಲ್ಲ, ಅದೇ ನ್ಯಾಯ. ವಕ್ಫ್ ಅಂದರೂ ಅದೇ: ಒಮ್ಮೆ ಬಿಟ್ಟುಕೊಟ್ಟ ಮೇಲೆ ಯಾರ ಸ್ವತ್ತೂ ಅಲ್ಲ, ಮಾರುವ ಹಾಗಿಲ್ಲ. ಜಮಾತ್ ಅಂದರೆ ಒಂದೂರಿನ ಸಿದಿಗಳೆಲ್ಲ. ಅದಕ್ಕೆ ಷೇರಿಲ್ಲ, ಉಪವಿಧಿಯಿಲ್ಲ. ಜಗಳ ಮಾತ್ರ ಸಾಕಷ್ಟಿದೆ, ಅದನ್ನು ಕೂತು ಮುಗಿಸುತ್ತಾರೆ. ಇದನ್ನು ಸಹಕಾರ ಅಂತ ಯಾವ ರಿಜಿಸ್ಟ್ರಾರನೂ ಒಪ್ಪಲಾರ. ನನಗೆ ಮಾತ್ರ ನಮ್ಮ ಬಳಗದ ಮೂರು ಸಭೆಗಳಲ್ಲಿ ಕಾಣದ ಸಹಕಾರ ಅಲ್ಲಿ ಕಂಡಿತು. ಆದರೆ ಕಾಗದ ಗಟ್ಟಿ ಇಲ್ಲದ ಇಂಥ ಜಾಗಗಳ ಪಾಡು ಯಾವತ್ತೂ ಸೂಕ್ಷ್ಮವೇ. ಬಹುಕಾಲದ ಬಳಕೆಯಿಂದಲೇ ಜಾಗ ವಕ್ಫ್ ಆಗುತ್ತದೆ ಎಂಬ ಮಾತನ್ನು 2025ರ ತಿದ್ದುಪಡಿ ಮುಂದಿನ ದಿನಗಳ ಮಟ್ಟಿಗೆ ಕಾನೂನಿನಿಂದ ತೆಗೆದುಹಾಕಿತು. ಮೊದಲೇ ನೋಂದಣಿ ಆದವಕ್ಕೆ, ತಕರಾರಿಲ್ಲದಿದ್ದರೆ, ರಕ್ಷಣೆ ಉಂಟು.

ಮುಂದೆ ಕೆಲಸದ ಮೇಲೆ ವಡೋದರದಲ್ಲಿದ್ದಾಗ ರತನ್‌ಪುರಕ್ಕೂ ಹೋದೆ. ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸು ಬರಬಹುದು. ಆ ಗುಡ್ಡವೆಲ್ಲ ಅಕೀಕು ಕಲ್ಲಿನದು. ಅಲ್ಲಿ ಅಗೆದ ಕಲ್ಲು ಖಂಭಾತಿಗೆ ಹೋಗಿ ಮಣಿಯಾಗಿ ಆಫ್ರಿಕಾಕ್ಕೂ ಅರೇಬಿಯಾಕ್ಕೂ ಹೋಗುತ್ತಿತ್ತು. ಒಂದು ಬಗೆಯ ಕಲ್ಲಿಗೆ ಬಾಬಾಗೋರಿ ಅಂತಲೇ ಹೆಸರು. ಮಣಿ ಹೋದ ಹಡಗಿನ ದಾರಿಯಲ್ಲೇ ಮನುಷ್ಯರನ್ನು ತಂದರು. ಗುಡ್ಡದ ಮೇಲೆ ಅಣ್ಣ, ತಮ್ಮ, ತಂಗಿ ಮೂವರಿಗೂ ಸ್ಥಾನವಿದೆ. ಅಲ್ಲಿದ್ದ ರಾಕ್ಷಸಿಯನ್ನು ಅಡಗಿಸಲು ಅಣ್ಣನಿಂದ ಆಗಲಿಲ್ಲ, ತಂಗಿಯೇ ಬರಬೇಕಾಯಿತು ಅಂತ ಕತೆ. ಹಿಂದೂಗಳು, ಪಾರ್ಸಿಗಳು, ಭಿಲ್ಲರು ಹರಕೆ ಹೊತ್ತು ಬರುತ್ತಾರೆ. ಹರಕೆ ಯಾರದೇ ಆಗಲಿ, ನಗಾರಿ ಸಿದಿಯದು.

ವಡೋದರದಲ್ಲಿ ಇನ್ನೊಂದು ಬಗೆಯ ಜಾಗವೂ ಇದೆ. ಸಯಾಜಿರಾವ್ ಗಾಯಕವಾಡರು 1886ರಲ್ಲಿ ಮೌಲಾ ಬಕ್ಷರಿಂದ ತೆರೆಸಿದ ಸಂಗೀತ ಶಾಲೆ. ಈ ಮೌಲಾ ಬಕ್ಷರು ನಮ್ಮ ಮೈಸೂರು ಆಸ್ಥಾನದಲ್ಲೂ ಮನ್ನಣೆ ಪಡೆದವರು. ಶಾಲೆ ಮುಂದೆ ವಿಶ್ವವಿದ್ಯಾಲಯದ ವಿಭಾಗವಾಗಿ ಈಗಲೂ ನಡೆಯುತ್ತಿದೆ. ಹಾಗಾಗಿ ಅರಸರು ಕಟ್ಟಿದ್ದೆಲ್ಲ ಕೈತಪ್ಪುತ್ತದೆ ಅನ್ನಲಾರೆ. ಆದರೆ ಸಿದಿಗಳಲ್ಲೂ ಅರಸರಿದ್ದರು. ಜಂಜೀರಾದ ಸಿದಿಗಳು ಮೊಗಲರ ನೌಕಾಪಡೆ ನಡೆಸಿದವರು. ಸೂರತ್ತಿನ ಕೋಟೆ ಅವರ ಕೈಯಲ್ಲಿತ್ತು, 1759ರಲ್ಲಿ ಇಂಗ್ಲಿಷರು ಕಿತ್ತುಕೊಂಡರು. ಆ ವಂಶದ ಒಬ್ಬನಿಗೆ 1791ರಲ್ಲಿ ಸೂರತ್ತಿನ ಪಕ್ಕದ ಸಚೀನ್ ಸಿಕ್ಕಿತು. ನವಾಬರ ಆ ಸಂಸ್ಥಾನ 1948ರಲ್ಲಿ ವಿಲೀನವಾಯಿತು. ಈಗ ಸಚೀನ್ ಅಂದರೆ ಕಾರ್ಖಾನೆಗಳ ಹೊಗೆ. ಅಲ್ಲಿ ಚಹಾದಂಗಡಿಯಲ್ಲಿ ನವಾಬರು ಎಲ್ಲಿಂದ ಬಂದವರು ಅಂತ ಕೇಳಿದೆ. ಅಂಗಡಿಯವನು ಕ್ರಿಕೆಟಿನ ಸಚಿನ್ ಬಗ್ಗೆ ಹೇಳತೊಡಗಿದ.

ನವಾಬರ ಆಸ್ತಿ ಅವರೊಬ್ಬರದೇ, ಅಧಿಕಾರದ ಜೊತೆ ಅದೂ ಹೋಯಿತು. ಫಕೀರರ ಚಿಲ್ಲಾ ಯಾರೊಬ್ಬರದೂ ಆಗಿರಲಿಲ್ಲ, ಅದಕ್ಕೇ ಇರಬೇಕು ಉಳಿದದ್ದು. ಇದು ಗುಜರಾತಿನ ಕತೆ ಮಾತ್ರವಲ್ಲ. ಅಮೆರಿಕದ ಹಾರ್ಲೆಮಿನಲ್ಲಿ 1965ರಲ್ಲಿ ಕಪ್ಪು ಕವಿ ಅಮಿರಿ ಬರಾಕ ಒಂದು ರಂಗಶಾಲೆ ತೆರೆದರು, ಸರ್ಕಾರದ ಹಣ ನಿಂತೊಡನೆ ಮುಚ್ಚಿತು. ಓಕ್ಲೆಂಡಿನಲ್ಲಿ 2021ರಲ್ಲಿ ಒಂದು ಸಹಕಾರಿ ಸಂಸ್ಥೆ ಎಸ್ತರ್ಸ್ ಆರ್ಬಿಟ್ ರೂಮ್ ಎಂಬ ಕಪ್ಪು ಜನರ ಹಳೆಯ ಸಂಗೀತದ ತಾಣವನ್ನು ಷೇರು ಕೂಡಿಸಿಯೇ ಕೊಂಡಿತು. ಈ ಸುದ್ದಿ ಓದಿದಾಗ ನನಗೆ ಚಾಚಾನ ನೆನಪಾಯಿತು.

ಅವರ ಗೋಮಾ ಈಗ ವೇದಿಕೆಯನ್ನೂ ಹತ್ತಿದೆ. ಸಿದಿ ಗೋಮಾ ಎಂಬ ತಂಡ 2002ರಿಂದ ವಿದೇಶಗಳಲ್ಲಿ ಸುತ್ತಿತು. ವೇದಿಕೆ ನಾಲ್ಕು ಕಾಸು ಕೊಡುತ್ತದೆ, ಅದನ್ನು ಹಳಿಯುವುದಿಲ್ಲ. ಆದರೆ ಮುಗರ್‌ಮಾನಿನ ಪಕ್ಕ ಕೂತು ನಿದ್ದೆಗಣ್ಣಲ್ಲಿ ಕೈ ಬಡಿಯುವ ಐದು ವರ್ಷದ ಹುಡುಗ ನನಗೆ ಕಂಡದ್ದು ಚಿಲ್ಲಾದಲ್ಲಿ. ಇನ್ನು ಸರ್ಕಾರದ ಮಾತು: ಗುಜರಾತಿನಲ್ಲಿ ಪರಿಶಿಷ್ಟ ಪಂಗಡದ ಪಟ್ಟ ಸೌರಾಷ್ಟ್ರದ ಸಿದಿಗಳಿಗೆ ಮಾತ್ರ. ಅಹಮದಾಬಾದು, ವಡೋದರ, ಸೂರತ್ತಿನವರು ಹೊರಗೆ. ಸೌರಾಷ್ಟ್ರದ ಜಂಬೂರಿನ ಹೀರಾಬಾಈ ಲೋಬಿ ಹೆಂಗಸರನ್ನು ಕೂಡಿಸಿ ಉಳಿತಾಯ, ಗೊಬ್ಬರದ ಕೆಲಸ ಕಟ್ಟಿದ್ದಕ್ಕೆ 2023ರಲ್ಲಿ ಪದ್ಮಶ್ರೀ ಬಂತು.

ನಮ್ಮ ಕಡೆ ಉತ್ತರ ಕನ್ನಡದ ಸಿದ್ದಿಗಳಿಗೆ ಆ ಪಟ್ಟ ಸಿಕ್ಕಿದ್ದು 2003ರಲ್ಲಿ, ಧಾರವಾಡ ಬೆಳಗಾವಿಯವರಿಗೆ 2020ರಲ್ಲಿ. ಸಿದ್ದಿ ಹೆಂಗಸರು ಹೊಲಿಯುವ ಕೌದಿಗಾಗಿ 2004ರ ಸುಮಾರಿಗೆ ಒಂದು ಸಹಕಾರ ಗುಂಪೂ ಆಯಿತು. ಆ ಕೌದಿಗಳು 2011ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡವು. ನಮ್ಮ ಮನೆಯಲ್ಲೂ ಅವರು ಹೊಲಿದ ಕೌದಿ ಇತ್ತು. ಚಳಿಗಾಲದಲ್ಲಿ ನಾಯಿಗೆ ಹಾಸುತ್ತಿದ್ದೆವು.

ಬಳಗದ ಜಾಗ? ಕೊನೆಗೆ ಉಪವಿಧಿಯಲ್ಲಿ "ಕನ್ನಡ ಬಲ್ಲ ಯಾರೇ ಆಗಲಿ" ಅಂತ ಬರೆದೆವು. ಕೊಂಕಣಿಯವರು ಚಹಾಕ್ಕೆ ವಾಪಸು ಬಂದರು. ಹಣ ಇನ್ನೂ ಪೂರ್ತಿ ಕೂಡಿಲ್ಲ.

ಕಳೆದ ಸಲ ಊರಿಗೆ ಹೋದಾಗ ಸಿದ್ದಿ ಕೇರಿಗೆ ನಡೆದು ಹೋದೆ. ಅಪ್ಪ ಹೋಗಿ ವರ್ಷಗಳಾಗಿವೆ, ಅಂಗಳಕ್ಕೆ ಸಿಮೆಂಟು ಬಿದ್ದಿದೆ. ನನ್ನ ಓರಗೆಯವನೊಬ್ಬ ಸಿಕ್ಕ. ನಾಚಿಕೆ ಬಿಟ್ಟು ಕೇಳಿದೆ: "ಆ ಸೂತಕದ ವರ್ಷ ಎಲ್ಲಿ ಬಾರಿಸಿದಿರೋ?"

"ಯಾವ ವರ್ಷ?" ಅಂದ. ನೆನಪು ಮಾಡಿಕೊಂಡು, "ಬಾರಿಸಲಿಲ್ಲ. ಜಾಗ ಎಲ್ಲಿತ್ತು ಹೆಗಡೇರೇ?" ಅಂದ.

ಈಗ ಕೇರಿಯವರೇ ವರ್ಗಣಿ ಹಾಕಿ ಗುಡಿಯ ಮುಂದೆ ಒಂದು ತಟ್ಟು ಮಾಡಿಕೊಂಡಿದ್ದಾರಂತೆ. ತೋರಿಸಿದ. ಮಳೆಗೆ ಒಂದು ಮೂಲೆ ಕೊಚ್ಚಿಹೋಗಿತ್ತು. ಅಟ್ಟದಿಂದ ಡಮಾಮು ಇಳಿಸಿ ತಂದ. ಒಂದು ಕಡೆಯ ಚರ್ಮ ಹರಿದಿತ್ತು. "ಹಬ್ಬದೊಳಗೆ ಹೊದಿಸಬೇಕು" ಅಂದ. ಇನ್ನೊಂದು ಕಡೆಗೆ ಬೆರಳಲ್ಲಿ ಎರಡು ಪೆಟ್ಟು ಕೊಟ್ಟು ನನ್ನ ಮುಂದೆ ಹಿಡಿದ.