ರೀಲು ಸಿಕ್ಕಿಕೊಳ್ಳುತ್ತಿದ್ದ ಕಾಲ

ಹಾಡು ಕೇಳುವ ಯಂತ್ರಗಳ ಚರಿತ್ರೆಯನ್ನು ಸಾಮಾನ್ಯವಾಗಿ ಹುಟ್ಟಿದ ದಿನಗಳ ಲೆಕ್ಕದಲ್ಲಿ ಹೇಳ್ತಾರೆ. 1963ರಲ್ಲಿ ಫಿಲಿಪ್ಸ್ ಕಂಪನಿಯ ಲೌ ಒಟೆನ್ಸ್ ತಂಡ ಕ್ಯಾಸೆಟ್ ತಂದಿತು. 1979ರ ಜುಲೈನಲ್ಲಿ ಸೋನಿ ವಾಕ್‌ಮನ್ ಬಂತು. 2001ರ ಅಕ್ಟೋಬರ್‌ನಲ್ಲಿ ಐಪಾಡ್. ಆಮೇಲೆ ಮೊಬೈಲು ಬಂದು ಎಲ್ಲವನ್ನೂ ನುಂಗಿತು. ಅವು ಹೇಗೆ ಕೆಡ್ತಿದ್ವು, ಕೆಟ್ಟಾಗ ಜನ ಏನು ಮಾಡ್ತಿದ್ರು ಅನ್ನೋದು ಈ ಲೆಕ್ಕದಲ್ಲಿ ಬರೋದೇ ಇಲ್ಲ. ನನಗೆ ಆ ಚರಿತ್ರೆಯೇ ಹೆಚ್ಚು ಮುಖ್ಯ ಅನಿಸ್ತದೆ. ಒಳಗಿರೋ ಹಾಡು ನಿಜಕ್ಕೂ ಯಾರ ಕೈಯಲ್ಲಿದೆ ಅನ್ನೋದು ಗೊತ್ತಾಗೋದು ಯಂತ್ರ ಕೆಟ್ಟ ದಿನವೇ.

ನಾನು ಬೆಳೆದದ್ದು ಶಹಾಪುರ ತಾಲೂಕಿನ ದೋರನಹಳ್ಳಿಯಲ್ಲಿ. ತೊಂಬತ್ತರ ದಶಕದಲ್ಲಿ ನಮ್ ಕಡೆ ವಾಕ್‌ಮನ್ ಕಂಡೋರು ಕಡಿಮೆ. ಹಿಡಿಕೆ ಇರೋ ಟೇಪ್ ರೆಕಾರ್ಡರೇ ನಮ್ಮ ವಾಕ್‌ಮನ್. ಅದಕ್ಕೆ ‘ಟೇಪು’ ಅಂತಿದ್ವಿ, ಅಷ್ಟೇ. ಹೊಲಕ್ಕೂ ಅದೇ, ಜಾತ್ರೆಗೂ ಅದೇ, ಮದುವೆ ಮನೆಗೂ ಅದೇ. ಅದು ಕೆಡ್ತಿದ್ದದ್ದು ಮುಖ್ಯವಾಗಿ ಮೂರು ರೀತಿ.

ಮೊದಲನೇದು ಸೆಲ್ಲು. ಕರೆಂಟ್ ಹೋದಾಗ ದೊಡ್ಡ ಸೆಲ್ ಹಾಕ್ತಿದ್ವಿ. ಸೆಲ್ಲಿನ ಶಕ್ತಿ ಇಳಿದಂಗ ಮೋಟರ್ ನಿಧಾನ ಆಗಿ, ಹೆಣ್ಣು ದನಿ ಗಂಡು ದನಿ ಆಗ್ತಿತ್ತು. “ಸೆಲ್ಲು ಬಿಸಲಾಗ ಇಡೋ ತಮ್ಮಾ, ಇನ್ನೆರಡು ಹಾಡು ಹಾಡ್ತದ” ಅಂತಿದ್ದ ನಮ್ಮ ಕಾಕಾ. ಅದು ಮೂಢನಂಬಿಕೆ ಅಲ್ಲ. ಸತು-ಕಾರ್ಬನ್ ಸೆಲ್ಲಿಗೆ ಸ್ವಲ್ಪ ವಿಶ್ರಾಂತಿ, ಸ್ವಲ್ಪ ಬಿಸಿ ಸಿಕ್ಕರೆ ಒಳಗಿನ ರಾಸಾಯನಿಕ ಕ್ರಿಯೆ ಚೂರು ಚುರುಕಾಗ್ತದೆ. ಹೆಚ್ಚು ದಿನ ಒಳಗೇ ಬಿಟ್ಟರೆ ಮಾತ್ರ ಸೆಲ್ ಸೋರಿ ಸ್ಪ್ರಿಂಗ್‌ಗೆ ಬಿಳಿ ಪುಡಿ ಕಟ್ಟುತ್ತಿತ್ತು. ಮರಳು ಕಾಗದದಿಂದ ಉಜ್ಜಿದರೆ ಮತ್ತೆ ಹಾಡು.

ಎರಡನೇದು ರೀಲು ಸಿಕ್ಕಿಕೊಳ್ಳೋದು. ಟೇಪಿನೊಳಗೆ ಒಂದು ಉಕ್ಕಿನ ಕಡ್ಡಿ, ಅದಕ್ಕೆ ಒತ್ತಿಕೊಂಡ ಒಂದು ರಬ್ಬರ್ ಗಾಲಿ ಇರ್ತವೆ. ಎರಡರ ನಡುವೆ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಸಾಗ್ತದೆ. ಆ ಕಡೆಯ ಚಕ್ರ ಅದನ್ನು ಅಷ್ಟೇ ವೇಗದಲ್ಲಿ ಸುತ್ತಿಕೊಳ್ಳಬೇಕು. ಬೆಲ್ಟ್ ಸಡಿಲಾಯ್ತು ಅಂದ್ರೆ ಚಕ್ರ ಹಿಂದೆ ಬೀಳ್ತದೆ, ಕಡ್ಡಿ ಮಾತ್ರ ರೀಲು ಎಳೀತಾನೇ ಇರ್ತದೆ. ಸುತ್ತಿಕೊಳ್ಳೋರಿಲ್ಲದ ರೀಲು ರಬ್ಬರ್ ಗಾಲಿಗೇ ಸುತ್ತಿಕೊಳ್ತದೆ. ಆಗ ಮೆಲ್ಲಗೆ ಬಿಡಿಸಿ, ಕ್ಯಾಸೆಟ್ಟಿನ ತೂತಿಗೆ ಆರು ಮೂಲೆಯ ಪೆನ್ಸಿಲ್ ಹಾಕಿ ತಿರುಗಿಸಬೇಕು. ಕ್ಯಾಸೆಟ್ ಚಕ್ರಕ್ಕೂ ಆರೇ ಹಲ್ಲು, ಹಾಗಾಗಿ ಪೆನ್ಸಿಲ್ ಸರಿಯಾಗಿ ಕೂರ್ತಿತ್ತು. ರೀಲು ಹರಿದೇ ಹೋದರೂ ಅಂಥ ಅನಾಹುತ ಏನಿಲ್ಲ. 60 ನಿಮಿಷದ ಕ್ಯಾಸೆಟ್‌ನಲ್ಲಿ ಸುಮಾರು 86 ಮೀಟರ್ ರೀಲು ಇರ್ತದೆ. ಕೆಟ್ಟ ಎರಡು ಸೆಂಟಿಮೀಟರ್ ಕತ್ತರಿಸಿ ಅಂಟಿಸಿದರೆ ಹೋಗೋದು ಅರ್ಧ ಸೆಕೆಂಡಿಗಿಂತ ಕಡಿಮೆ ಹಾಡು.

ಮೂರನೇದು ಹೆಡ್ಡು. ರೀಲಿನ ಮೇಲಿನ ಕಬ್ಬಿಣದ ಆಕ್ಸೈಡ್ ಪುಡಿ ಉದುರಿ ಹೆಡ್ಡಿಗೆ ಮೆತ್ತಿಕೊಂಡರೆ ಹಾಡು ನೆಗಡಿ ಬಂದೋರ ದನಿ ಆಗ್ತಿತ್ತು. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಬೇಕು. ಆಗಲೂ ಸರಿಹೋಗದಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಚೂರೇ ಚೂರು ತಿರುಗಿಸಿ, ತಾಳದ ದನಿ ಸ್ಪಷ್ಟ ಆದ ಕೂಡಲೇ ನಿಲ್ಲಿಸಬೇಕು. ಇದಕ್ಕೆ ಮೀಟರ್ ಬೇಡ, ಕಿವಿ ಸಾಕು.

ಈ ಮೂರರಲ್ಲೂ ಒಂದು ಸಮಾನ ಗುಣ ಇದೆ. ಕೆಟ್ಟದ್ದು ಎಲ್ಲಿ ಅಂತ ಯಂತ್ರವೇ ಹೇಳ್ತಿತ್ತು. ದನಿ ದಪ್ಪ ಆದರೆ ಸೆಲ್ಲು, ಮಂಕಾದರೆ ಹೆಡ್ಡು, ಕಿರಗುಟ್ಟಿದರೆ ಬೆಲ್ಟು. ಹಾಗಾಗಿ ರಿಪೇರಿ ಮಾಡೋಕೆ ಓದು ಬೇಕಿರಲಿಲ್ಲ, ತಾಳ್ಮೆ ಇದ್ದರೆ ಸಾಕಿತ್ತು.

ಇಷ್ಟೆಲ್ಲ ತಾಳ್ಮೆ ಯಾಕೆ ಅಂದ್ರೆ, ಅಂಗಡಿ ಕ್ಯಾಸೆಟ್ ಹೋದರೆ ಇನ್ನೊಂದು ತರಬಹುದು, ಮನೇಲಿ ರೆಕಾರ್ಡ್ ಮಾಡಿದ್ದು ಹೋದರೆ ಹೋಯ್ತು. ನಮ್ ಕಡೆ ಜನ ಶ್ರಾವಣದ ಪುರಾಣ, ರಾತ್ರಿ ಭಜನೆ, ಮೊಹರಂನ ರಿವಾಯತ್ ಪದ, ಕಡಕೋಳ ಮಡಿವಾಳಪ್ಪನ ತತ್ವಪದ, ಎಲ್ಲವನ್ನೂ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದಿಡ್ತಿದ್ರು. ಕ್ಯಾಸೆಟ್ಟಿನ ಹಿಂಬದಿಯ ಸಣ್ಣ ಪ್ಲಾಸ್ಟಿಕ್ ಚೂರು ಮುರಿದುಬಿಟ್ಟರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗ್ತಿರಲಿಲ್ಲ. ಆ ಚೂರು ಮುರಿದಿದೆ ಅಂದ್ರೆ ‘ಇದು ಉಳೀಬೇಕು’ ಅಂತ ಯಾರೋ ತೀರ್ಮಾನಿಸಿದ್ದಾರೆ ಅಂತ ಅರ್ಥ. ರಾಶಿ ಮಷಿನ್ ಬಂದ ಮೇಲೆ ಎತ್ತು ಕಟ್ಟಿ ಹಂತಿ ಹೊಡೆಯೋದು ನಿಂತಿತು, ಹಂತಿ ಪದ ಹಾಡೋರೂ ಕಡಿಮೆಯಾದ್ರು. ಅಂಥ ಎಷ್ಟೋ ದನಿ ಈಗ ಇರೋದು ಇಂಥ ಕ್ಯಾಸೆಟ್‌ಗಳ ಒಳಗೇ.

ಈಗ ಐಪಾಡ್ ಕಾಲಕ್ಕೆ ಬರೋಣ. ‘ಸಾವಿರ ಹಾಡು ಜೇಬಿನಲ್ಲಿ’ ಅಂತ 5 ಜಿಬಿ ಹಾರ್ಡ್ ಡಿಸ್ಕ್‌ನೊಂದಿಗೆ ಬಂದ ಅದಕ್ಕೆ ಬ್ಯಾಟರಿ ಬಾಗಿಲೇ ಇರಲಿಲ್ಲ. ಲಿಥಿಯಂ ಬ್ಯಾಟರಿ ಚಾರ್ಜ್ ಆಗ್ತಾ ಆಗ್ತಾ ಮುದಿಯಾಗೋದು ಸಹಜ. ಆದರೆ ಬದಲಿಸೋಕೆ ದಾರಿ ಇಡಬೇಕಲ್ಲ? 2003ರಲ್ಲಿ ನ್ಯೂಯಾರ್ಕ್‌ನ ನೈಸ್ಟ್ಯಾಟ್ ಸಹೋದರರು, ಬ್ಯಾಟರಿ 18 ತಿಂಗಳಷ್ಟೇ ಬಾಳ್ತದೆ, ಬದಲಿಸೋಕೆ ಆಗಲ್ಲ ಅಂತ ಬೀದಿಯ ಐಪಾಡ್ ಪೋಸ್ಟರ್‌ಗಳ ಮೇಲೆ ಬಣ್ಣ ಹೊಡೆದು ಬರೆದು, ಅದರದ್ದೇ ಕಿರುಚಿತ್ರ ಮಾಡಿದರು. ಆಪಲ್ ಅದೇ ವರ್ಷ 99 ಡಾಲರ್‌ಗೆ ಬ್ಯಾಟರಿ ಬದಲಿಸಿಕೊಡುವ ಯೋಜನೆ ತಂದಿತು. ಹಳೆ ಮಾಡೆಲ್‌ಗಳ ಬ್ಯಾಟರಿ ಬಗ್ಗೆ ಗ್ರಾಹಕರು ಹಾಕಿದ ಸಾಮೂಹಿಕ ಮೊಕದ್ದಮೆ 2005ರಲ್ಲಿ ರಾಜಿಯಾಯಿತು. ಬಿಸಲಿಗಿಟ್ಟು ಸರಿಮಾಡ್ತಿದ್ದ ಸಮಸ್ಯೆ ಕೋರ್ಟ್ ಮೆಟ್ಟಿಲು ಹತ್ತಿತು, ನೋಡ್ರಿ.

ಮುಂದಿನದು ನಮ್ಮಂಥ ಕೋಡ್ ಬರೆಯೋರ ಕಥೆ. 2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್‌ನ ಜೂನ್ 30 ಜಿಬಿ ಪ್ಲೇಯರ್‌ಗಳು ಒಟ್ಟಿಗೇ ಸ್ತಬ್ಧವಾದವು. ಅದರ ಗಡಿಯಾರದ ಕೋಡ್ ದಿನಗಳ ಮೊತ್ತದಿಂದ ವರ್ಷ ಲೆಕ್ಕ ಹಾಕ್ತಿತ್ತು. ದಿನ 365ಕ್ಕಿಂತ ಹೆಚ್ಚಿದ್ದರೆ ಲೂಪ್ ಮುಂದುವರಿಸು. ಅಧಿಕ ವರ್ಷವಾದರೆ, ದಿನ 366ಕ್ಕಿಂತ ಹೆಚ್ಚಿದ್ದಾಗ ಮಾತ್ರ 366 ಕಳೆ. ಸರಿಯಾಗಿ 366ನೇ ದಿನ ಬಂದರೆ? ಕಳೆಯೋದೂ ಇಲ್ಲ, ಲೂಪ್‌ನಿಂದ ಹೊರಬರೋದೂ ಇಲ್ಲ. ಕಂಪನಿ ಕೊಟ್ಟ ಪರಿಹಾರ ಏನಂದ್ರೆ ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಡಿ, ಜನವರಿ 1ರಂದು ಗ್ರೀನ್‌ವಿಚ್ ಸಮಯ ಮಧ್ಯಾಹ್ನ 12ರ ನಂತರ ಚಾರ್ಜ್ ಮಾಡಿ. ಅಂದ್ರೆ ದಿನ ಕಳೆಯೋವರೆಗೆ ಕಾಯಿರಿ! ಬೆಲ್ಟ್ ಸಡಿಲಾದರೆ ಒಬ್ಬರ ಟೇಪು ಕೆಡ್ತದೆ. ಒಂದು ಕಂಡೀಷನ್ ತಪ್ಪಿದರೆ ಆ ಮಾಡೆಲ್ಲಿನ ಎಲ್ಲರದ್ದೂ ಒಂದೇ ದಿನ ಕೆಡ್ತದೆ.

ನಮ್ಮೂರಿನ ಕಡೆಗೆ ಐಪಾಡೂ ಬರಲಿಲ್ಲ, ಜೂನೂ ಬರಲಿಲ್ಲ. ಟೇಪಿನ ಜಾಗಕ್ಕೆ ಬಂದದ್ದು ಮೆಮೊರಿ ಕಾರ್ಡ್. ಮೊಬೈಲ್ ಅಂಗಡಿಯೋರು ಕಂಪ್ಯೂಟರ್‌ನಿಂದ ಹಾಡು ತುಂಬಿಕೊಡ್ತಿದ್ರು. ಅದು ಕೆಡುವಾಗ ಸದ್ದಿಲ್ಲ, ಮುನ್ಸೂಚನೆಯಿಲ್ಲ. ‘ಫಾರ್ಮ್ಯಾಟ್ ಮಾಡಬೇಕೆ?’ ಅಂತ ಒಂದು ಪ್ರಶ್ನೆ, ಅಷ್ಟೇ. ಎಷ್ಟೋ ಸಲ ಕಾರ್ಡ್‌ನಲ್ಲಿ ಹಾಡು ಇದ್ದೇ ಇರ್ತದೆ. ಯಾವುದು ಎಲ್ಲಿದೆ ಅಂತ ಹೇಳುವ ಪಟ್ಟಿ ಮಾತ್ರ ಕೆಟ್ಟಿರ್ತದೆ. ಅಂಥ ಕಾರ್ಡ್‌ಗೆ ಹೊಸದೇನೂ ಬರೆಯದೆ ಫೋಟೊರೆಕ್‌ನಂಥ ಉಚಿತ ತಂತ್ರಾಂಶ ಓಡಿಸಿದರೆ ಬಹಳಷ್ಟು ವಾಪಸ್ ಸಿಗಬಹುದು, ಫೈಲಿನ ಹೆಸರು ಮಾತ್ರ ಹೋಗಿರ್ತದೆ. ಇದೂ ಪೆನ್ಸಿಲ್ ಹಾಕಿ ತಿರುಗಿಸಿದಂಗೇ. ಆದರೆ ಈ ಪೆನ್ಸಿಲ್ ಎಲ್ಲಿದೆ ಅಂತ ಗೊತ್ತಿರೋರು ಊರಲ್ಲಿ ಎಷ್ಟು ಜನ?

ಹಳೇದೇ ಚೆಂದ ಅಂತ ನಾನು ಹೇಳ್ತಿಲ್ಲ. ಕ್ಯಾಸೆಟ್ ಪ್ರತಿ ಸಲ ಹಾಡಿದಾಗಲೂ ಚೂರು ಸವೀತದೆ. ಡಿಜಿಟಲ್ ಫೈಲನ್ನು ನೂರು ಸಲ ನಕಲು ಮಾಡಿದರೂ ಹಾಗೇ ಇರ್ತದೆ. ನಾವು ಕಳೆದುಕೊಂಡದ್ದು ತೆರೆದು ನೋಡುವ ಅವಕಾಶ. ಅದು ಈಗ ನಿಧಾನಕ್ಕೆ ವಾಪಸ್ ಬರ್ತಿದೆ. ಗ್ರಾಹಕರೇ ಬ್ಯಾಟರಿ ಬದಲಿಸುವಂತಿರಬೇಕು ಅಂತ ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ನಿಯಮ 2027ರಿಂದ ಜಾರಿಗೆ ಬರ್ತದೆ. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿ ಹಕ್ಕಿನ ಚೌಕಟ್ಟು ರೂಪಿಸೋಕೆ ಸಮಿತಿ ಮಾಡಿತು.

ಆದರೆ ಊರಿನ ಕ್ಯಾಸೆಟ್‌ಗಳು ಕಾನೂನಿಗೆ ಕಾಯೋದಿಲ್ಲ. ಸೋನಿ 2010ರಲ್ಲೇ ಜಪಾನ್‌ನಲ್ಲಿ ಕ್ಯಾಸೆಟ್ ವಾಕ್‌ಮನ್ ನಿಲ್ಲಿಸಿತು. ರೀಲು ಚೆನ್ನಾಗಿದ್ದರೂ ಓದೋ ಯಂತ್ರ ಸಿಗದ ದಿನ ಹತ್ತಿರ ಬರ್ತಿದೆ. ಮುಂದಿನ ಸಲ ಊರಿಗೆ ಹೋದಾಗ ಒಂದು ನಡೆಯೋ ಟೇಪು ಹುಡುಕಿ. ಹೆಡ್ಡು ಒರೆಸಿ. ಮೊದಲು ಬೇಡವಾದ ಕ್ಯಾಸೆಟ್ ಹಾಕಿ ಪರೀಕ್ಷಿಸಿ, ಆಮೇಲೆ ಹಿಂಬದಿ ಚೂರು ಮುರಿದಿರೋ ಕ್ಯಾಸೆಟ್ ಹಾಕಿ. ಒಂದು ವೈರ್ ಎಳೆದು ಲ್ಯಾಪ್‌ಟಾಪ್‌ಗೆ ರೆಕಾರ್ಡ್ ಮಾಡ್ಕೊಳ್ಳಿ, ಎರಡು ಕಡೆ ಇಡಿ. ಹಾಡ್ತಿರೋದು ಯಾರು, ತಾಳ ಹಾಕ್ತಿರೋದು ಯಾರು, ಯಾವ ವರ್ಷದ್ದು ಅಂತ ಪಕ್ಕದಲ್ಲಿ ಕೂತ ಹಿರಿಯರನ್ನ ಕೇಳಿ ಫೈಲಿನ ಹೆಸರಲ್ಲೇ ಬರೀರಿ. ಆ ದನಿ ಗುರುತಿಸೋರು ಊರಲ್ಲಿ ಇನ್ನೂ ಇದ್ದಾರೆ.